ತಪ್ಪನ್ನು ಓದಲು ಕಲಿಯೋಣ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ಮಾಡಿದ ಭಾಷಣ)



ಪ್ರತಿವರ್ಷ ಈ ಸಭೆಯಲ್ಲಿ ಆಯ್ಕೆ ಸಮಿತಿಯವರಾದ ನಾವು ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಕೊಟ್ಟೆವು ಎಂದು ಲೆಕ್ಕ ಒಪ್ಪಿಸಿ ಕುಳಿತುಕೊಳ್ಳುತ್ತೇವೆ. ಆ ಲೆಕ್ಕ ಈ ಸಲವೂ ವರದಿಯ ಪುಟಗಳಲ್ಲಿದೆ, ದಯವಿಟ್ಟು ಓದಿ. ಇಂದು ನಾವು ಒಂದೇ ವಿಷಯ ಮಾತನಾಡುತ್ತೇವೆ. ಅದು ಕಂಪ್ಯೂಟರ್ ಸೈನ್ಸ್ ಪದವಿ. ಕಾರಣ ಎರಡು. ಒಂದು, ಪಿಯುಸಿ ವಿಜ್ಞಾನ ಮುಗಿಸಿ ನಮ್ಮ ಬಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು ಇದೇ ಕೋರ್ಸಿನ ಹೆಸರು. ಎರಡು, ಈ ಕೋರ್ಸಿನ ವಿಷಯದಲ್ಲಿ ನಮ್ಮ ಸಮಿತಿಯಿಂದಲೇ ಒಂದು ತಪ್ಪು ನಡೆದಿದೆ. ಹಣ ನಿಮ್ಮದು, ನಮ್ಮ ಕೈಯಲ್ಲಿರುವುದು ಅಮಾನತ್ತು. ಆದ್ದರಿಂದ ಆ ತಪ್ಪನ್ನು ನಿಮ್ಮ ಮುಂದೆ ಹೇಳದೆ ಇರಲಾಗದು.

ಮೂರು ವರ್ಷಗಳ ಹಿಂದೆ ಒಬ್ಬ ಹುಡುಗಿಗೆ ಎಂಜಿನಿಯರಿಂಗ್‌ನ ಮೊದಲ ವರ್ಷದ ಶುಲ್ಕಕ್ಕೆ ನಾವು ನೆರವು ಕೊಟ್ಟೆವು. ಅವಳ ಮತ್ತು ತಾಯಿಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಹೆಸರು, ಊರು ಬೇಡ. ತಂದೆ ತೀರಿಕೊಂಡಿದ್ದಾರೆ, ತಾಯಿ ಬೀಡಿ ಕಟ್ಟುತ್ತಾರೆ. 10ನೇ ತರಗತಿಯವರೆಗೆ ಸರಕಾರಿ ಕನ್ನಡ ಶಾಲೆ. ಪಿಯುಸಿಯಲ್ಲಿ ಒಳ್ಳೆಯ ಅಂಕ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಇದೇ ರೀತಿಯ ಸಭೆಯಲ್ಲಿ ಚೆಕ್ ಕೊಟ್ಟು ಫೋಟೋ ತೆಗೆಸಿಕೊಂಡೆವು.

ಮರುವರ್ಷ ನವೀಕರಣಕ್ಕೆ ಅಂಕಪಟ್ಟಿ ತಂದಳು. ಎರಡನೆಯ ಸೆಮಿಸ್ಟರಿನ ಗಣಿತದಲ್ಲಿ ಅನುತ್ತೀರ್ಣ. ನಮ್ಮ ಅರ್ಜಿಯ ಹಿಂಬದಿಯಲ್ಲಿ ಅಚ್ಚಾದ ನಿಯಮ ಹೀಗಿತ್ತು: ಯಾವುದೇ ವಿಷಯದಲ್ಲಿ ಅನುತ್ತೀರ್ಣರಾದವರು ನವೀಕರಣಕ್ಕೆ ಅರ್ಹರಲ್ಲ. ನಾವು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬದಿಗಿಟ್ಟೆವು. ಕರೆದು ಏನಾಯಿತೆಂದು ಕೇಳಲಿಲ್ಲ. ಅವಳೂ ಬಂದು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮದುವೆ ಮನೆಯಲ್ಲಿ ತಾಯಿ ಸಿಕ್ಕರು. ಅವರು ಹೇಳಿದ ಮಾತು ಇದು: "ಟೀಚರೇ, ಒಂದು ಸಂಬಂಧ ಬಂದುಂಟು. ಅವಳಿಗೆ ಹೇಗೂ ಓದು ಹತ್ತುದಿಲ್ಲ ಅಲ್ವಾ, ನೀವೇ ಹಣ ನಿಲ್ಲಿಸಿದ್ದೀರಿ. ಇನ್ನು ಎಂತ ಮಾಡುದು ಹೇಳಿ."

ಆ ತಾಯಿ ನಮ್ಮನ್ನು ದೂರಲಿಲ್ಲ. ನಿಜವಾಗಿಯೂ ಸಲಹೆ ಕೇಳಿದರು. ನಮಗೆ ನಾಚಿಕೆಯಾದದ್ದು ಅದಕ್ಕೇ. ನಾವು ಎಳೆದ ಒಂದು ಗೆರೆ ಆ ಮನೆಯಲ್ಲಿ ತೀರ್ಪಾಗಿತ್ತು. ಓದಿದ ಹಿರಿಯರೇ ಆಗದು ಅಂದ ಮೇಲೆ ಆಗದು ಎಂದು ಅವರು ನಂಬಿದ್ದರು.

ಮುಂದಿನ ಭಾನುವಾರ ಸಮಿತಿಯಲ್ಲಿರುವ ನಿವೃತ್ತ ಶಿಕ್ಷಕರು ಇಬ್ಬರು ಅವರ ಮನೆಗೆ ಹೋದೆವು. ಹುಡುಗಿಯ ನೋಟ್ಸು ತರಿಸಿಕೊಂಡು ನೋಡಿದೆವು. ಅಕ್ಷರ ಮುತ್ತಿನ ಹಾಗಿತ್ತು. ಒಂದು ಲೆಕ್ಕ ಕೊಟ್ಟೆವು, ಸರಿಯಾಗಿ ಮಾಡಿದಳು. ಅದೇ ಲೆಕ್ಕದಲ್ಲಿ ಸ್ವಲ್ಪ ಬದಲಾವಣೆ ಮಾಡಿ ಕೊಟ್ಟೆವು, ಕೈ ನಿಂತಿತು. ಆಮೇಲೆ ಪ್ರೋಗ್ರಾಮ್ ಬರೆಯಲು ಹೇಳಿದೆವು. ಕೊಟ್ಟ ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಸಿ ಭಾಷೆಯ ಪ್ರೋಗ್ರಾಮನ್ನು ಒಂದು ಅಲ್ಪವಿರಾಮವೂ ತಪ್ಪದ ಹಾಗೆ ಬರೆದಳು. "ಇದರಲ್ಲಿ ಅತಿ ಚಿಕ್ಕದನ್ನು ಹುಡುಕಬೇಕಾದರೆ ಏನು ಬದಲಿಸಬೇಕು ಮಗಳೇ?" ಎಂದು ಕೇಳಿದೆವು. ಬದಲಿಸಬೇಕಾದ್ದು 'ಹೆಚ್ಚು' ಎಂಬ ಒಂದು ಚಿಹ್ನೆಯನ್ನು 'ಕಡಿಮೆ' ಎಂದು, ಅಷ್ಟೇ. ಬಹಳ ಹೊತ್ತು ಸುಮ್ಮನಿದ್ದು "ಅದು ನೋಟ್ಸಿನಲ್ಲಿ ಇಲ್ಲ" ಅಂದಳು.

ಆಗ ನಮಗೆ ಅರ್ಥವಾಯಿತು. ಅವಳು ಸೋಮಾರಿಯಲ್ಲ, ದಡ್ಡಿಯೂ ಅಲ್ಲ. ಪಿಯುಸಿಯಲ್ಲಿ ಪಾಠ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ತಿರುಗಿದಾಗ, ಅರ್ಥವಾಗದ್ದನ್ನೆಲ್ಲ ಬಾಯಿಪಾಠ ಮಾಡಿ ದಾಟಿದ್ದಳು. ಬಾಯಿಪಾಠದಿಂದ ಅಂಕ ಬಂತು, ಸೀಟೂ ಬಂತು. ಎಂಜಿನಿಯರಿಂಗ್‌ನಲ್ಲಿ ಆ ದಾರಿ ಮುಗಿಯಿತು. ಮತ್ತೆ ಈ ಬಾಯಿಪಾಠ ಅವಳಿಗೆ ಕಲಿಸಿದವರು ಯಾರು? ನಮ್ಮಂಥ ಶಿಕ್ಷಕರೇ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಗುರುತು ಮಾಡಿಸಿ, ಉತ್ತರ ಬರೆಸಿ, 10 ಸಲ ಬರೆದುಕೊಂಡು ಬಾ ಎಂದು ಕಳುಹಿಸಿದವರು ನಾವು. ಫಲಿತಾಂಶ ಒಳ್ಳೆಯದು ಬಂದಾಗ ಶಾಲೆಗೆ ಶಹಬ್ಬಾಸ್ ಪಡೆದವರೂ ನಾವು.

ಇಲ್ಲಿ ಈ ಪದವಿಯಲ್ಲಿ ಏನು ಕಲಿಸುತ್ತಾರೆಂದು ಹೆತ್ತವರಿಗೆ ಸ್ವಲ್ಪ ಹೇಳಬೇಕು. ಕಂಪ್ಯೂಟರ್ ಸೈನ್ಸ್ ಎಂದರೆ ಕಂಪ್ಯೂಟರ್ ನಡೆಸಲು ಕಲಿಯುವುದು ಎಂದು ಅನೇಕರ ಎಣಿಕೆ. ಟೈಪಿಂಗ್, ಡಿಟಿಪಿ, ಲೆಕ್ಕಪತ್ರದ ಟ್ಯಾಲಿ, ಇವೆಲ್ಲ ಒಳ್ಳೆಯ ಕೆಲಸಗಳೇ, ಆದರೆ ಈ ಪದವಿ ಅದಲ್ಲ. ಬಿಇ 4 ವರ್ಷ, 8 ಸೆಮಿಸ್ಟರ್. ಮೊದಲ ವರ್ಷ ಗಣಿತ, ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್‌ನ ಮೂಲಪಾಠ, ಒಂದೆರಡು ಪ್ರೋಗ್ರಾಮಿಂಗ್ ಭಾಷೆ. ಎರಡನೆಯ ವರ್ಷದಿಂದ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್. ಮುಂದೆ ನೆಟ್‌ವರ್ಕ್, ಕೃತಕ ಬುದ್ಧಿಮತ್ತೆ, ಕೊನೆಗೆ ಪ್ರಾಜೆಕ್ಟ್. ಇದೆಲ್ಲದರ ಕೆಳಗೆ ಹರಿಯುವುದು ಗಣಿತ.

ಅಲ್ಗಾರಿದಮ್ ಎಂದರೆ ಒಂದು ಕೆಲಸವನ್ನು ಹಂತಹಂತವಾಗಿ, ಗೊಂದಲಕ್ಕೆ ಎಡೆಯಿಲ್ಲದೆ ಮಾಡುವ ಕ್ರಮ. 9ನೇ ಶತಮಾನದ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯ ಹೆಸರನ್ನು ಲ್ಯಾಟಿನ್ ಭಾಷೆಯವರು ಉಚ್ಚರಿಸಿದ ರೀತಿಯಿಂದ ಈ ಪದ ಹುಟ್ಟಿತು. ಅವರ ಗ್ರಂಥದ ಹೆಸರಿನಲ್ಲಿದ್ದ ಅಲ್ ಜಬ್ರ್ ಎಂಬ ಪದವೇ ಆಲ್ಜಿಬ್ರಾ ಆಯಿತು. ನಮ್ಮ ಸಭೆಗಳಲ್ಲಿ ಈ ಮಾತು ಬಂದಾಗ ಎಲ್ಲರೂ ಹೆಮ್ಮೆ ಪಡುತ್ತೇವೆ. ಆದರೆ ಹೆಮ್ಮೆಯಿಂದ ಲೆಕ್ಕ ಬರುವುದಿಲ್ಲ. ಅವರು ಲೆಕ್ಕ ಮಾಡಿದರು, ಮಾಡುವ ಬಗೆಯನ್ನು ಇತರರಿಗೂ ತಿಳಿಯುವಂತೆ ಬರೆದಿಟ್ಟರು. ನಮಗೆ ಬೇಕಾದ ಪಾಠ ಅದು.

ಡೇಟಾ ಸ್ಟ್ರಕ್ಚರ್ ಎಂಬುದನ್ನು ನಾವು ಈ ವಯಸ್ಸಿನಲ್ಲಿ ಆ ಹುಡುಗಿಯ ಪುಸ್ತಕದಿಂದಲೇ ಕಲಿತೆವು. ಓದಿದ ಮೇಲೆ ನೆನಪಾದದ್ದು ಶಾಲೆಯ ದಾಖಲಾತಿ ರಿಜಿಸ್ಟರ್. 20 ವರ್ಷ ಹಿಂದೆ ಶಾಲೆ ಬಿಟ್ಟವರು ಪಾಸ್‌ಪೋರ್ಟಿಗೆ ಜನ್ಮದಿನಾಂಕದ ದಾಖಲೆ ಬೇಕೆಂದು ಬರುತ್ತಾರೆ. ದಾಖಲಾತಿ ಸಂಖ್ಯೆ ನೆನಪಿಲ್ಲ, ಸೇರಿದ ವರ್ಷವೂ ಸರಿಯಾಗಿ ಗೊತ್ತಿಲ್ಲ. ರಿಜಿಸ್ಟರ್ ಇರುವುದು ಸೇರಿದ ಕ್ರಮದಲ್ಲಿ. ಹಾಗಾಗಿ ಒಂದೊಂದೇ ಹೆಸರು ನೋಡುತ್ತಾ ಹೋಗಬೇಕು. 1,000 ಹೆಸರಿದ್ದರೆ ಕೊನೆಯ ಹೆಸರೇ ಅವರದಾಗಿರಲೂಬಹುದು. ಅದೇ ಹೆಸರುಗಳು ಅಕ್ಷರ ಕ್ರಮದಲ್ಲಿದ್ದರೆ? ನಡುವಿನ ಹೆಸರು ನೋಡಿ, ಬೇಕಾದ್ದು ಮುಂದಿದೆಯೋ ಹಿಂದಿದೆಯೋ ತಿಳಿದು ಅರ್ಧವನ್ನು ಬಿಟ್ಟುಬಿಡಬಹುದು. ಉಳಿದ ಅರ್ಧದಲ್ಲೂ ಹಾಗೆಯೇ. 1,000 ಹೆಸರಿಗೆ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. 10 ಲಕ್ಷ ಹೆಸರಿದ್ದರೂ 20 ಸಲ ಸಾಕು.

ಇದನ್ನು ಅವಳಿಗೆ ಹೇಳಿದಾಗ ಅವಳೇ ಒಂದು ಪ್ರಶ್ನೆ ಕೇಳಿದಳು. "ಹಾಗಾದರೆ ಹೊಸ ಮಗು ಸೇರಿದಾಗ ಅದರ ಹೆಸರನ್ನು ನಡುವೆ ಎಲ್ಲಿ ತುರುಕುವುದು ಟೀಚರ್?" ಅದೇ ಮುಖ್ಯ ಪ್ರಶ್ನೆ. ಹುಡುಕುವುದು ಸುಲಭವಾದರೆ ಸೇರಿಸುವುದು ಕಷ್ಟ, ಸೇರಿಸುವುದು ಸುಲಭವಾದರೆ ಹುಡುಕುವುದು ಕಷ್ಟ. ಎರಡರ ನಡುವೆ ತೂಗಿ ನೋಡುವುದೇ ಡೇಟಾ ಸ್ಟ್ರಕ್ಚರ್. ಆ ವಿಷಯದಲ್ಲಿ ನೋಟ್ಸಿನಲ್ಲಿಲ್ಲದ ಮೊದಲ ಪ್ರಶ್ನೆಯನ್ನು ಅವಳು ಕೇಳಿದ್ದು ಅಂದು.

ಅವಳ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೆ ಕೆಲವು ಗಂಟೆ ಸಿಗುತ್ತಿತ್ತು. ಒಬ್ಬ ದಾನಿಗಳು ತಮ್ಮ ಆಫೀಸಿನಲ್ಲಿ ಬದಿಗಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಪರಿಚಯದ ಹುಡುಗನೊಬ್ಬ ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಲಿನಕ್ಸಿಗೂ ಹಣವಿಲ್ಲ, ಸಿ ಮತ್ತು ಪೈಥಾನ್ ಕಲಿಯುವ ಸಲಕರಣೆಗೂ ಹಣವಿಲ್ಲ. ಮೊದಲೆರಡು ವರ್ಷಕ್ಕೆ ಇಂಥ ಹಳೆಯ ಯಂತ್ರ ಧಾರಾಳ ಸಾಕು. ಸಾಲ ಮಾಡಿ ದುಬಾರಿ ಲ್ಯಾಪ್‌ಟಾಪ್ ತೆಗೆದುಕೊಡಬೇಡಿ ಎಂದು ಹೆತ್ತವರಿಗೆ ಹೇಳುತ್ತೇವೆ. ಮೊಬೈಲಿನಲ್ಲೇ ಕಲಿಯಲಿ ಎಂದೂ ಹೇಳಬೇಡಿ.

ಆ ಯಂತ್ರದ ಮುಂದೆ ನಾವೂ ಅವಳ ಜೊತೆ ಕುಳಿತೆವು. ಪ್ರೋಗ್ರಾಮ್ ಬರೆದು ನಡೆಸಿದರೆ ಮೊದಲು ಬರುವುದು ಉತ್ತರವಲ್ಲ, ತಪ್ಪಿನ ಸೂಚನೆ. ಇಂಥ ಸಾಲಿನಲ್ಲಿ ಇಂಥ ತಪ್ಪು ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ದಿನ ಅದು ಬಂದ ಕೂಡಲೇ ಅವಳು ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆದಳು. ಶಾಲೆಯಲ್ಲಿ ತಪ್ಪು ಬರೆದರೆ ಹಾಳೆ ಹರಿದು ಮತ್ತೆ ಬರೆಸುತ್ತಿದ್ದೆವಲ್ಲ, ಹಾಗೆ. ನಾವು ಹೇಳಿದೆವು, ಅಳಿಸಬೇಡ, ಏನು ಹೇಳುತ್ತದೆ ಓದು. ಸಾಲು 12 ಎನ್ನುತ್ತಿತ್ತು. ಸಾಲು 12ರಲ್ಲಿ ಎಷ್ಟು ಹುಡುಕಿದರೂ ತಪ್ಪಿಲ್ಲ. ಕೊನೆಗೆ ನೋಡಿದರೆ ಸಾಲು 11ರ ಕೊನೆಯಲ್ಲಿ ಇಡಬೇಕಾದ ಅರ್ಧವಿರಾಮ ಬಿಟ್ಟುಹೋಗಿತ್ತು. ಯಂತ್ರ ಅದನ್ನು ಗಮನಿಸುವುದು ಮುಂದಿನ ಸಾಲಿಗೆ ಬಂದಾಗ. ತಪ್ಪು ಕಾಣುವುದು ಒಂದು ಸಾಲಿನಲ್ಲಿ, ಇರುವುದು ಅದರ ಹಿಂದಿನ ಸಾಲಿನಲ್ಲಿ.

ಅಂದು ಮನೆಗೆ ಹಿಂದಿರುಗುವಾಗ ನಾವಿಬ್ಬರೂ ಇದನ್ನೇ ಮಾತನಾಡಿದೆವು. ಅವಳ ತಪ್ಪು ನಮಗೆ ಕಂಡದ್ದು ಎರಡನೆಯ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ. ಇದ್ದದ್ದು ಅದಕ್ಕಿಂತ ಹಿಂದೆ, ನಮ್ಮ ತರಗತಿಗಳಲ್ಲಿ. ನಾವು ಕಂಡ ಸಾಲಿನ ಮೇಲೆ ಕೆಂಪು ಗೆರೆ ಎಳೆದೆವು, ಹಿಂದಿನ ಸಾಲು ಓದಲಿಲ್ಲ.

ಮೂರು ತಿಂಗಳು ಪ್ರತಿ ಭಾನುವಾರ ಗಣಿತ ನಡೆಯಿತು. ಕಾಲೇಜಿನ ಪಾಠವನ್ನು ನಾವು ಪೂರ್ತಿ ಕಲಿಸಬಲ್ಲವರಲ್ಲ. ಅಡಿಪಾಯ ಮಾತ್ರ ಸರಿಪಡಿಸಿದೆವು. ಮೊದಲು ಕನ್ನಡದಲ್ಲಿ ಅರ್ಥ ಹೇಳುವುದು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು. ಉಳಿದದ್ದನ್ನು ಅವಳು ಎನ್‌ಪಿಟಿಇಎಲ್ ಪಾಠಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತಳು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಈ ಪಾಠಗಳನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಮರುಪರೀಕ್ಷೆಯಲ್ಲಿ ಪಾಸಾದಳು. ಅಂಕ ಹೆಚ್ಚೇನೂ ಅಲ್ಲ, ಆದರೆ ಬರೆದದ್ದು ಅವಳದೇ. ಈಗ 7ನೇ ಸೆಮಿಸ್ಟರ್. ಸಂಬಂಧದವರಿಗೆ ತಾಯಿ, ಪದವಿ ಮುಗಿಯಲಿ, ಆಮೇಲೆ ನೋಡುವ ಎಂದು ಹೇಳಿ ಕಳುಹಿಸಿದರು. ಅವಳ ಎರಡನೆಯ ವರ್ಷದ ಶುಲ್ಕಕ್ಕೆ ತಾಯಿ ಚಿನ್ನ ಅಡವಿಟ್ಟಿದ್ದರು. ಅದು ನಮ್ಮ ಗೆರೆಯ ಬೆಲೆ. ಅದನ್ನು ಬಿಡಿಸಿಕೊಡಲು ಸಮಿತಿಯ ಸದಸ್ಯರು ತಮ್ಮ ಕೈಯಿಂದಲೇ ಕೂಡಿಸಿದೆವು, ಟ್ರಸ್ಟಿನ ಹಣ ಮುಟ್ಟಲಿಲ್ಲ.

ನಿಯಮ ಬದಲಿಸಲು ಮಾತ್ರ ನಮಗೆ ಎರಡು ವರ್ಷ ಹಿಡಿಯಿತು. ಸಮಿತಿಯಲ್ಲಿ ವಾದವಾಯಿತು. ಫೇಲಾದವರಿಗೂ ಕೊಟ್ಟರೆ ಪಾಸಾದವರಿಗೆ ಅನ್ಯಾಯವಲ್ಲವೇ, ದಾನಿಗಳಿಗೆ ಏನು ಉತ್ತರ ಎಂದು ಕೆಲವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನಾವು ಕಂಡುಕೊಂಡ ಉತ್ತರ ಇದು: ಮೊದಲ ವರ್ಷದ ಶುಲ್ಕ ಕೊಟ್ಟು ಎರಡನೆಯ ವರ್ಷ ಕೈಬಿಟ್ಟರೆ ಮೊದಲು ಕೊಟ್ಟದ್ದೂ ನೀರಲ್ಲಿ ಹೋಮ. ಅರ್ಧ ಪದವಿಗೆ ಎಲ್ಲಿಯೂ ಬೆಲೆಯಿಲ್ಲ. ಬಾಕಿ ವಿಷಯಗಳು ಹೆಚ್ಚಾದರೆ ಮುಂದಿನ ವರ್ಷಕ್ಕೆ ಹೋಗಲೂ ತಡೆಯಾಗುತ್ತದೆ. ಆದ್ದರಿಂದ ಮೊದಲ ಬ್ಯಾಕ್‌ಲಾಗ್ ಬಂದಾಗಲೇ ಹಿಡಿದು ನಿಲ್ಲಿಸಬೇಕು.

ಈ ವರ್ಷದಿಂದ ನಿಯಮ ಹೀಗಿದೆ. ಒಂದು ಅಥವಾ ಎರಡು ವಿಷಯ ಉಳಿದರೆ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ. ಆದರೆ ವಿದ್ಯಾರ್ಥಿ ಮತ್ತು ಹೆತ್ತವರು ಬಂದು ನಮ್ಮ ಜೊತೆ ಕುಳಿತು ಮಾತನಾಡಬೇಕು, ಭಾನುವಾರದ ತರಗತಿಗೆ ಬರಬೇಕು. ಬರದವರಿಗೆ, ಅಂಕಪಟ್ಟಿ ಅಡಗಿಸಿದವರಿಗೆ ಇಲ್ಲ. ನಾವು ಕ್ಷಮಿಸಲಾಗದ್ದು ಫೇಲಾಗುವುದಲ್ಲ, ಅಡಗಿಸುವುದು.

ಇನ್ನು ಅರ್ಜಿ ಹಾಕುವ ಮನೆಯವರಿಗೆ ನಾಲ್ಕು ಮಾತು.

ಮೊದಲನೆಯದು, ಮಗುವನ್ನು ಕೇಳಿ. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ ಎಂಬುದು ಈ ಕೋರ್ಸಿಗೆ ಸೇರಿಸಲು ಕಾರಣವಲ್ಲ. ಬಿಡದ ಲೆಕ್ಕವನ್ನು ಹಿಡಿದು ಕುಳಿತುಕೊಳ್ಳುವ ತಾಳ್ಮೆ ಇದೆಯೇ ನೋಡಿ. ಇಲ್ಲದವರು ಕಾಮರ್ಸ್, ನರ್ಸಿಂಗ್, ಬಿಎಡ್, ಐಟಿಐ ಮಾಡಲಿ. ಅದಕ್ಕೂ ನಮ್ಮಲ್ಲಿ ಅರ್ಜಿಯಿದೆ, ಅದು ಕಡಿಮೆಯೆಂದು ನಾವು ಎಣಿಸುವುದಿಲ್ಲ.

ಎರಡನೆಯದು, ದಾರಿ ಒಂದೇ ಅಲ್ಲ. ಬಿಇ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. 10ನೇ ತರಗತಿಯ ನಂತರ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ಬಿಸಿಎ, ಬಿಎಸ್‌ಸಿಯಲ್ಲೂ ಕಂಪ್ಯೂಟರ್ ಸೈನ್ಸ್ ಇದೆ, ಖರ್ಚು ಸಾಮಾನ್ಯವಾಗಿ ಕಡಿಮೆ, ಮುಂದೆ ಎಂಸಿಎ, ಎಂಎಸ್‌ಸಿ ಮಾಡಬಹುದು. ಮ್ಯಾನೇಜ್‌ಮೆಂಟ್ ಸೀಟಿಗಾಗಿ ಮನೆ ಜಾಗ ಮಾರುವ ಮೊದಲು ದಯವಿಟ್ಟು ನಮ್ಮ ಬಳಿ ಬಂದು ಮಾತನಾಡಿ. ಡೇಟಾ ಸೈನ್ಸ್, ಮೆಷಿನ್ ಲರ್ನಿಂಗ್ ಎಂದು ಹೊಸ ಹೆಸರಿನ ಶಾಖೆಗಳಿವೆ. ಮೊದಲೆರಡು ವರ್ಷದ ಪಾಠ ಬಹುಮಟ್ಟಿಗೆ ಒಂದೇ. ಹೆಸರಿಗೆ ಹೆಚ್ಚು ಹಣ ಕೊಡಬೇಡಿ.

ಮೂರನೆಯದು, ಕಾಗದಪತ್ರ. ಸಿಇಟಿಯಲ್ಲಿ 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ. ಆ ಪ್ರಮಾಣಪತ್ರ ಶಾಲೆಯಿಂದ ತರಬೇಕು, ಕೊನೆಯ ದಿನ ಓಡಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಈಗಲೇ ನೋಡಿ. ರಾಜ್ಯ ಸರಕಾರದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವನ್ನು ವಿಚಾರಿಸಿ. ಬೀಡಿ ಕಟ್ಟುವವರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಬೇರೆಯೇ ಇದೆ. ತಾಯಿಯ ಬೀಡಿ ಕಾರ್ಮಿಕರ ಗುರುತುಚೀಟಿ ಬೇಕಾಗುತ್ತದೆ. ಚೀಟಿ ಪೆಟ್ಟಿಗೆಯಲ್ಲಿಟ್ಟು ಮಗಳಿಗೆ ಹೇಳದಿರುವ ತಾಯಂದಿರನ್ನು ನಾವು ಕಂಡಿದ್ದೇವೆ.

ನಾಲ್ಕನೆಯದು, ಕೆಲಸದ ಮಾತು. ಪದವಿ ಮುಗಿದ ಕೂಡಲೇ ಕೆಲಸ ಖಂಡಿತ ಎಂದು ನಾವು ಹೇಳುವುದಿಲ್ಲ. ಕೆಲವು ವರ್ಷ ಕಂಪೆನಿಗಳು ಬಹಳ ಮಂದಿಯನ್ನು ತೆಗೆದುಕೊಳ್ಳುತ್ತವೆ, ಕೆಲವು ವರ್ಷ ಇಲ್ಲ. ಈಗಂತೂ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆ, ಇನ್ನು ಓದಿ ಏನು ಎಂದು ಹೆತ್ತವರು ಕೇಳುತ್ತಾರೆ. ಯಂತ್ರ ಬರೆದದ್ದರಲ್ಲೂ ತಪ್ಪಿರುತ್ತದೆ. ಅದು ಎಲ್ಲಿದೆ ಎಂದು ಹೇಳಬಲ್ಲವರು ಬೇಕು. ನೋಟ್ಸ್ ಬಾಯಿಪಾಠ ಮಾಡಿದವರಿಗೂ ಯಂತ್ರದಿಂದ ನಕಲು ಮಾಡಿದವರಿಗೂ ಅದು ಆಗದು. ಅರ್ಥ ಮಾಡಿಕೊಂಡು ಓದಿದವರು ಯಾವ ಕೆಲಸಕ್ಕೆ ಹೋದರೂ ಬದುಕುತ್ತಾರೆ.

ದಾನಿಗಳಲ್ಲಿ ನಮ್ಮ ವಿನಂತಿ ಎರಡು. ಒಬ್ಬ ವಿದ್ಯಾರ್ಥಿಯನ್ನು ವಹಿಸಿಕೊಂಡರೆ ಪದವಿ ಮುಗಿಯುವವರೆಗೆ ವಹಿಸಿಕೊಳ್ಳಿ. 10 ಮಂದಿಗೆ ಒಂದು ವರ್ಷ ಕೊಟ್ಟು ಬಿಡುವುದಕ್ಕಿಂತ ಇಬ್ಬರನ್ನು ಕೊನೆಯವರೆಗೆ ದಾಟಿಸುವುದು ಮೇಲು. ಮತ್ತೆ, ನಿಮ್ಮ ಅಂಗಡಿ, ಆಫೀಸುಗಳಲ್ಲಿ ಬದಿಗಿಟ್ಟ ಲ್ಯಾಪ್‌ಟಾಪ್‌ಗಳಿದ್ದರೆ ಗುಜರಿಗೆ ಹಾಕಬೇಡಿ, ನಮಗೆ ಕೊಡಿ. ಸರಿಪಡಿಸಿ ಮಕ್ಕಳಿಗೆ ಓದುವವರೆಗೆ ಎರವಲಾಗಿ ಕೊಡುತ್ತೇವೆ. ಗಣಿತ, ಕಂಪ್ಯೂಟರ್ ತಿಳಿದ ಯುವಕ ಯುವತಿಯರು ತಿಂಗಳಿಗೆ ಒಂದು ಭಾನುವಾರ ಕೊಟ್ಟರೂ ಅದು ಹಣದಷ್ಟೇ ಬೆಲೆಯುಳ್ಳದ್ದು. ಆ ಹುಡುಗಿ ಈಗ ನಮ್ಮ ಭಾನುವಾರದ ತರಗತಿಯಲ್ಲಿ ಮೊದಲ ವರ್ಷದವರಿಗೆ ಸಿ ಭಾಷೆ ಹೇಳಿಕೊಡುತ್ತಾಳೆ. ಯಾರಾದರೂ ತಪ್ಪು ಬಂತೆಂದು ಅಳಿಸಲು ಹೊರಟರೆ ಕೈ ಹಿಡಿದು "ಓದು, ಹಿಂದಿನ ಸಾಲು ನೋಡು" ಅನ್ನುತ್ತಾಳೆ.

ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ಹಿಂಬದಿಯ ನಿಯಮಗಳನ್ನು ಹೊಸದಾಗಿ ಅಚ್ಚು ಹಾಕಿಸಿದ್ದೇವೆ. ಕಳೆದ ವರ್ಷಗಳಲ್ಲಿ ಒಂದೆರಡು ವಿಷಯ ಉಳಿಯಿತೆಂದು ನಮ್ಮಿಂದ ನೆರವು ನಿಂತುಹೋದ ಮಕ್ಕಳು ಇಲ್ಲಿ ಕುಳಿತಿರಬಹುದು, ಅಥವಾ ಮನೆಯಲ್ಲಿ ಈ ಪುಟ ಓದುತ್ತಿರಬಹುದು. ನೀವು ಮತ್ತೆ ಬನ್ನಿ. ಅಂಕಪಟ್ಟಿ ಹಿಡಿದುಕೊಂಡೇ ಬನ್ನಿ. ಈ ಸಲ ಕೆಂಪು ಪೆನ್ನು ತೆಗೆಯುವ ಮೊದಲು ನಾವು ಓದುತ್ತೇವೆ.